ಉತ್ತರವನ್ನೂ ಸೇರಿಸಿ ಹುಡುಕಿದ ದಿನ

ಚಿಕ್ಕಬಾಣಾವರದ ಕಡೆ ಒಂದು ವೈದ್ಯಕೀಯ ಕಾಲೇಜು. ಅದರ ಗ್ರಂಥಾಲಯದಲ್ಲಿ ನೀಲಾಂಬಿಕಾ ಅಂತ ಒಬ್ಬ ಹೆಣ್ಣುಮಗಳಿದ್ದಾಳೆ. ಪುಸ್ತಕ ಕೊಟ್ಟು ಇಸಿದುಕೊಳ್ಳುವ ಕೆಲಸ ಅಂತ ನೆಂಟರೆಲ್ಲ ತಿಳಿದಿದ್ದಾರೆ. ಪುಸ್ತಕ ಮುಟ್ಟುವವರು ಈಗ ಎಲ್ಲಿದ್ದಾರೆ ಹೇಳಿ? ಲೋಕದ ವೈದ್ಯರು ಬರೆದ ಪ್ರಬಂಧಗಳೆಲ್ಲ ಕಂಪ್ಯೂಟರಿನೊಳಗೆ ದೊಡ್ಡ ಕಣಜವಾಗಿ ಬಿದ್ದಿವೆ. ಅದರಿಂದ ಬೇಕಾದ ಕಾಳು ಹೆಕ್ಕಿಕೊಡುವುದೇ ಅವಳ ಕೆಲಸ.

ಎಂ.ಡಿ. ಓದುವವರು ಬಂದು, "ಮೇಡಂ, ನನ್ ಟಾಪಿಕ್ ಮೇಲೆ ಒಂದೂ ಪೇಪರ್ ಇಲ್ಲ" ಎನ್ನುತ್ತಾರೆ. ನೋಡಿದರೆ ಹುಡುಕುವ ಜಾಗದಲ್ಲಿ ಇಡೀ ವಾಕ್ಯವನ್ನೇ ತುರುಕಿರುತ್ತಾರೆ.

"ಮುರಿದು ಹಾಕ್ರಪ್ಪ. ರೋಗ ಒಂದ್ಕಡೆ, ಚಿಕಿತ್ಸೆ ಒಂದ್ಕಡೆ. ಒಂದೇ ರೋಗಕ್ಕೆ ನಾಲ್ಕು ಹೆಸರಿರುತ್ತೆ, ಎಲ್ಲಾನೂ 'ಅಥವಾ' ಅಂತ ಸೇರಿಸಿ. ಇಷ್ಟೇ ವರ್ಷದ್ದು ಸಾಕು ಅಂತ ನಿನ್ನೆ ಹಾಕಿದ ಫಿಲ್ಟರ್ ಇನ್ನೂ ಅಲ್ಲೇ ಕೂತಿದೆ, ತೆಗೀರಿ. ಒಂದು ಒಳ್ಳೆ ಪೇಪರ್ ಸಿಕ್ರೆ ಅದರ ಬಾಲ ಹಿಡ್ಕೊಂಡು ಹೋಗಿ, ಅದು ಯಾರ ಪೇಪರ್ ಉಲ್ಲೇಖಿಸಿದೆ, ಅದನ್ನ ಯಾರು ಉಲ್ಲೇಖಿಸಿದ್ದಾರೆ ಅಂತ."

ಹೇಳಿ ಹೇಳಿ ಅವಳ ಗಂಟಲು ಸವೆದಿದೆ. ಎಲ್ಲಕ್ಕಿಂತ ಹೆಚ್ಚು ಸವೆಸಿದ ಮಾತು ಇನ್ನೊಂದು: "ಪ್ರಶ್ನೆ ಹಾಕಿ. ಉತ್ತರ ಹಾಕ್ಬೇಡಿ."

ಅವಳ ಗಂಡ ಶಿವರಾಜ್ ಪೀಣ್ಯದ ಫೌಂಡ್ರಿಯಲ್ಲಿ ಎರಕದ ಅಚ್ಚು ಒಡೆದು ಮರಳು ಕೊಡಹುವ ಕೆಲಸದವನು. ಇತ್ತೀಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು. ಮರಳಿನ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡಿದೆ, ಸಿಲಿಕೋಸಿಸ್, ಆ ಕೆಲಸ ಬಿಡಿ ಎಂದರು ವೈದ್ಯರು. ಅವನು ಬಿಡಲಿಲ್ಲ. ಅಷ್ಟರಲ್ಲಿ ಜೊತೆ ಕೆಲಸದವರು ಯಾರೋ ಒಂದು ವಿಡಿಯೋ ಕಳಿಸಿದರು.

"ನೀಲಾ, ಸಂಪ್ ತೊಳ್ದಂಗೆ ಶ್ವಾಸಕೋಶಾನೂ ನೀರು ಬಿಟ್ಟು ತೊಳೀತಾರಂತೆ ಕಣೇ! ತೊಳಿಸ್ಕೊಂಡು ವಾಪಸ್ ಕೆಲ್ಸಕ್ಕೆ ಹೋದ್ರಾಯ್ತು. ಹುಡುಕೋದು ನಿಂದೇ ಕಸುಬಲ್ವಾ, ನೋಡು. ನೀನ್ ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ."

ಹಾಗೆ ಭಾರವೆಲ್ಲ ಅವಳ ತಲೆಗೆ ಬಂತು.

ಮಾರನೆಯ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೂತಳು. ರೋಗದ ಹೆಸರು ಹಾಕಿದಳು, ತೊಳೆಯುವ ಚಿಕಿತ್ಸೆಯ ಹೆಸರು ಹಾಕಿದಳು. ಕೈ ತಾನಾಗಿ 'ಸುಧಾರಣೆ' ಎಂಬ ಮಾತನ್ನೂ ಸೇರಿಸಿತು. ಬಂದವು ನೋಡಿ ಪ್ರಬಂಧಗಳು! ಉಬ್ಬಸ ಇಳಿಯಿತು ಎಂಬುದೊಂದು, ನಡಿಗೆ ಹಗುರಾಯಿತು ಎಂಬುದೊಂದು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು. ಬುತ್ತಿಯ ಮುಚ್ಚಳ ತೆಗೆಯುವಾಗ ಹಿಂದೆ ಬಂದು ನಿಂತವಳು ಎಂ.ಡಿ. ಓದುವ ಕಾವ್ಯಾ.

"ಏನ್ ಮೇಡಂ, 'ಸುಧಾರಣೆ' ಅಂತ ಸೇರಿಸಿದ್ದೀರಾ? ನಾನು ಹಿಂಗೇ ಮಾಡಿದ್ದಕ್ಕೆ, 'ಹುಡುಗ ಹೆಂಗೆ ಅಂತ ಹುಡುಗನ ಅಮ್ಮನ್ನೇ ಕೇಳ್ದಂಗಾಯ್ತು' ಅಂತ ಎಲ್ಲರ ಮುಂದೆ ಉಗಿದಿದ್ರಿ."

ನೀಲಾಂಬಿಕಾ ನಗಲು ನೋಡಿದಳು, ಆಗಲಿಲ್ಲ. "ನಮ್ಮನೆಯವರಿಗೆ ಕಣಮ್ಮ" ಎಂದಳು.

ಕಾವ್ಯಾ ತುಟಿ ಕಚ್ಚಿಕೊಂಡು ಸ್ಟೂಲ್ ಎಳೆದು ಪಕ್ಕದಲ್ಲಿ ಕೂತಳು.

ಆ ಒಂದು ಮಾತನ್ನು ಅಳಿಸಿದ್ದೇ ತಡ, ಕಾಣದಿದ್ದವೆಲ್ಲ ಕಂಡವು. ಮೊದಲು ನೋಡಿದವು ಬೆರಳೆಣಿಕೆಯ ರೋಗಿಗಳ ಮೇಲೆ, ಕೆಲವೇ ತಿಂಗಳು ನೋಡಿ ಬರೆದಂಥವು. ತೊಳೆಸಿಕೊಳ್ಳದವರ ಜೊತೆ ಹೋಲಿಸಿಯೇ ಇರಲಿಲ್ಲ. ಎಲ್ಲವನ್ನೂ ಒಟ್ಟಿಗೆ ತೂಗಿದ ಒಂದು ವಿಮರ್ಶೆ ಹೇಳಿತು: ಸ್ವಲ್ಪ ಕಾಲ ಹಗುರಾದೀತು, ಆದರೆ ಗಾಯ ಬೆಳೆಯುವುದು ನಿಲ್ಲುತ್ತದೆ ಎನ್ನಲು ಆಧಾರ ಸಾಲದು. ಆಗ ಅವಳು ಅಲ್ಲಿಯವರೆಗೆ ಕೇಳದೆ ಬಿಟ್ಟಿದ್ದ ಪ್ರಶ್ನೆ ಕೇಳಿದಳು. ಧೂಳಿನ ಕೆಲಸ ಬಿಟ್ಟವರು ಏನಾದರು? ಬಿಡದವರು ಏನಾದರು? ಓದಿ ಮುಗಿಸುವಷ್ಟರಲ್ಲಿ ಬುತ್ತಿ ಆರಿಹೋಗಿತ್ತು.

ಸಂಜೆ ಶಿವರಾಜ್ ಬಾಗಿಲಲ್ಲೇ ಕೇಳಿದ, "ಏನಂತೆ? ತೊಳಿಸೋಣ್ವಾ?"

"ಬೇಡ ರೀ."

"ಏನೂ ಸಿಗ್ಲಿಲ್ವಾ?"

"ಮೊದ್ಲು ನಮಗೆ ಬೇಕಾದ್ದೇ ಸಿಕ್ತು. ಆಮೇಲೆ ಸರಿಯಾಗಿ ಹುಡುಕಿದೆ."

"ಹಂಗಾದ್ರೆ ಕೆಲ್ಸ ಬಿಟ್ರೆ ವಾಸಿಯಾಗುತ್ತಾ?"

"ವಾಸಿ ಆಗಲ್ಲ. ನಿಧಾನ ಆಗ್ಬಹುದು. ಬಿಟ್ಟ ಮೇಲೂ ಕೆಲವರಿಗೆ ಹೆಚ್ಚಾಗಿದೆ. ಬಿಡದೇ ಇದ್ದವರಿಗೆ ಇನ್ನೂ ಜಾಸ್ತಿ."

ಅವನು ಗೋಡೆಗೆ ಒರಗಿದ. "ನಿನ್ ಕಂಪ್ಯೂಟರ್‌ಗೆ ಒಂದ್ ಸುಳ್ಳು ಹೇಳೋಕೂ ಬರಲ್ವೇನೇ?"

"ಅದಕ್ಕೆ ಬರುತ್ತೆ ರೀ, ಕೇಳ್ದಂಗೆಲ್ಲ ಹೇಳುತ್ತೆ. ನನಗೇ ಆಗ್ಲಿಲ್ಲ."

ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ ಫೌಂಡ್ರಿಯ ಮ್ಯಾನೇಜರಿಗೆ ಫೋನ್ ಮಾಡಿದ. "ಸಾರ್, ನಾಳೆಯಿಂದ ಮರಳಿನ ಕಡೆ..." ಎಂದ. ಆ ಕಡೆಯಿಂದ ಅರ್ಜೆಂಟ್ ಆರ್ಡರ್ ಮಾತು ಶುರುವಾಯಿತು. ಶಿವರಾಜ್ ನಡುವೆ ಬಾಯಿ ಹಾಕಲು ಹೋದ, ಕೆಮ್ಮು ಬಂತು. ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

"ಅವ್ರು ಬರಲ್ಲ ಸಾರ್" ಎಂದಳು ನೀಲಾಂಬಿಕಾ.