ಒಂಟಿ ರೊಬಸ್ಟಾ ಮತ್ತು ಇಪ್ಪತ್ತು ಸಹಿ

ಹೂ ಅರಳುವ ಬೆಳಿಗ್ಗೆಯೇ ಮಳೆ ಹೊಡೆದು ಎಲ್ಲ ಕೆಡಬಹುದಿತ್ತು. ಕೋತಿಗಳು ಮೊಗ್ಗು ಕಿತ್ತು ಹಾಕಬಹುದಿತ್ತು. ನಾನು ಹಾಕಿದ ನೀರು ಸಾಲದೆ ಕಾಫಿ ಗಿಡ ಮುಷ್ಕರ ಹೂಡಬಹುದಿತ್ತು. ಸಿದ್ದಾಪುರದ ಬಸ್ಸು ಕೆಟ್ಟು ವಿದ್ಯಾರ್ಥಿಗಳು ದಾರಿಯಲ್ಲೇ ಉಳಿಯಬಹುದಿತ್ತು. ಎಲ್ಲ ಸರಿಹೋದರೂ ಪಾಠದ ಮೊದಲ ವಾಕ್ಯಕ್ಕೇ ನನಗೆ ಸೀನು ಬರಬಹುದಿತ್ತು. ಈ ಪಟ್ಟಿಯನ್ನು ದಿನಾ ಬೆಳೆಸುತ್ತಿದ್ದೆ.

ನಾನು ಓದಿದ್ದು ಭೌತಶಾಸ್ತ್ರ. ಸಂಶೋಧನೆ ಮಾಡಿದ್ದು ಗಿಡದೊಳಗೆ ನೀರು ಹೇಗೆ ಏರುತ್ತದೆ ಎಂಬುದರ ಮೇಲೆ. ಹಾಗಾಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದವರು ಫ್ಯೂಸ್ ಹೋದಾಗ ನನ್ನನ್ನು ಕರೆಯುತ್ತಾರೆ, ಭೌತಶಾಸ್ತ್ರದವರು ಮನೆಯ ಗುಲಾಬಿ ಬಾಡಿದಾಗ. ವರ್ಷಗಟ್ಟಲೆ ಬೇಡಿದ ಮೇಲೆ ಎರಡನ್ನೂ ಬೆಸೆಯುವ ಒಂದು ಐಚ್ಛಿಕ ವಿಷಯಕ್ಕೆ ಪ್ರಿನ್ಸಿಪಾಲರು ಒಪ್ಪಿದ್ದರು. ಷರತ್ತು ಒಂದೇ: ಮೊದಲ ತರಗತಿಯಲ್ಲೇ ಇಪ್ಪತ್ತು ಸಹಿ ಬೀಳಬೇಕು, ಇಲ್ಲದಿದ್ದರೆ ರದ್ದು. ಯಾರನ್ನೂ ನಂಬದೆ ನೋಟಿಸನ್ನು ನಾನೇ ಬರೆದು ಅಂಟಿಸಿದೆ.

ನಂಬಿದ್ದು ಲ್ಯಾಬಿನ ಹಿಂದಿನ ಒಂಟಿ ರೊಬಸ್ಟಾ ಕಾಫಿ ಗಿಡವನ್ನು. ನೀರು ಬೀಳುವ ತನಕ ಕಾಫಿ ಮೊಗ್ಗಿಗೆ ನಿದ್ದೆ. ಬಿದ್ದರೆ ಹೀರಿ, ಉಬ್ಬಿ, ಒಂಬತ್ತನೇ ದಿನದ ಹೊತ್ತಿಗೆ ಎಲ್ಲವೂ ಒಟ್ಟಿಗೆ ಅರಳುತ್ತವೆ. ಮೊದಲ ತರಗತಿಯ ದಿನಕ್ಕೇ ಅರಳಲೆಂದು ದಿನ ಎಣಿಸಿ ಗಿಡ ತೋಯಿಸಿದೆ. ಬಿಟ್ಟಂಗಾಲದಿಂದ ಹುದಿಕೇರಿಯ ತನಕ ಎಲ್ಲರೂ ತೋಟದ ಕಾಫಿ ಅರಳಿಸುವ ಹೂಮಳೆಗೆ ಕಾಯುತ್ತಿದ್ದರೆ, ನಾನು ಮೋಡ ಕಂಡಾಗಲೆಲ್ಲ “ಹೋಗಪ್ಪಾ, ಮುಂದಿನ ವಾರ ಬಾ” ಎನ್ನುತ್ತಿದ್ದೆ.

“ಮಳೆ ಬೇಡ ಅನ್ನೋರು ಇಡೀ ಕೊಡಗಲ್ಲಿ ನೀವೊಬ್ರೇ ಸರ್,” ಎಂದರು ಲ್ಯಾಬಿನ ಅಟೆಂಡರ್. “ಮೆಲ್ಲಗೆ ಹೇಳಿ. ನಂಗೂ ಎರಡು ಎಕರೆ ಉಂಟು.”

ಒಂಬತ್ತನೇ ಬೆಳಿಗ್ಗೆ ಗಿಡ ಬೆಳ್ಳಗಾಗಿತ್ತು. ನನಗೆ ತಲೆ ತಿರುಗಿದ್ದು ಪರಿಮಳಕ್ಕೋ ಖುಷಿಗೋ ಗೊತ್ತಿಲ್ಲ. ಬಸ್ಸು ಬಂತು. ಕೋತಿ ಬರಲಿಲ್ಲ. ನಲವತ್ತು ಮಂದಿ ಗಿಡದ ಸುತ್ತ ನೂಕಾಡಿದರು. ನೀರು ಒಳಹೊಕ್ಕು ಜೀವಕೋಶವನ್ನು ಬಲೂನಿನಂತೆ ಉಬ್ಬಿಸುವುದನ್ನು ವಿವರಿಸುತ್ತ ನಾನೂ ಕೈಕಾಲು ಅಗಲಿಸಿ ಉಬ್ಬಿದೆನಂತೆ. ನನಗೆ ನೆನಪಿಲ್ಲ, ಅಟೆಂಡರ್ ಮರೆಯುತ್ತಿಲ್ಲ. ಸೀನು ಬರಲಿಲ್ಲ. ಬಿದ್ದದ್ದು ಮೂವತ್ತೆಂಟು ಸಹಿ. ಪ್ರಿನ್ಸಿಪಾಲರ ಮೇಜಿಗೆ ಓಡಿಹೋಗಿ ಹಾಳೆ ಇಟ್ಟು, ಅದೇ ಓಟದಲ್ಲಿ ವಾಪಸಾದೆ.

ಒಬ್ಬ ಹುಡುಗಿ ಲ್ಯಾಬಿನ ಬಾಗಿಲಲ್ಲಿ ಕಾಯುತ್ತಿದ್ದಳು. “ಪಾಠ ಚೆನ್ನಾಗಿತ್ತು ಸರ್. ಭೂತ ಯಾವ ಕ್ಲಾಸಲ್ಲಿ ಬರ್ತದೆ?”

“ಯಾವ ಭೂತ?”

ಅವಳು ನೋಟಿಸಿನತ್ತ ಕೈ ತೋರಿಸಿದಳು. ‘ಜೈವಿಕ ಭೂತಶಾಸ್ತ್ರ’ ಎಂದಿತ್ತು, ನನ್ನದೇ ದುಂಡು ಅಕ್ಷರದಲ್ಲಿ.