ಹೊರಬೀಡಿನ ದಿನ ಊರೊಳಗೆ ಸೈಕಲ್ಲು

ಕಡೂರಿನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ಕೆಲಸ. ದಿನವಿಡೀ ಕೂತೇ ಮಾಡಬೇಕಾದ್ದರಿಂದ ಮೊದಲು ಹೊಟ್ಟೆ ಬಂತು, ಅದರ ಹಿಂದೆಯೇ ಸಕ್ಕರೆ ಕಾಯಿಲೆ ಬಂತು. ನಡೆಯಿರಿ ಅಂದರು ಡಾಕ್ಟರು. ಎಲ್ಲಿಗೂ ಹೋಗುವುದಕ್ಕಿಲ್ಲದೆ ಕೈ ಬೀಸಿಕೊಂಡು ನಡೆಯುವವರನ್ನು ಕಂಡರೆ ನನಗೆ ಈಗಲೂ ರೇಗುತ್ತದೆ. ಅದಕ್ಕೇ ವರ್ಗವಾಗಿ ಹೋಗುತ್ತಿದ್ದ ಕಾಲೇಜು ಮೇಷ್ಟ್ರೊಬ್ಬರ ಹತ್ತಿರ ದಪ್ಪ ಟೈರಿನ ಗೇರ್ ಸೈಕಲ್ ಕೊಂಡುಕೊಂಡೆ. "ಐವತ್ತು ದಾಟಿದ ಮೇಲೆ ಇದೊಂದು ಬಾಕಿ ಇತ್ತು" ಅಂದಳು ಹೆಂಡತಿ.

ಟಾರು ರಸ್ತೆ ನನಗೆ ಬೇಗ ಬೇಜಾರಾಯಿತು. ಸಖರಾಯಪಟ್ಟಣದ ಕಡೆಯ ಬಂಡಿ ದಾರಿ, ಅಜ್ಜಂಪುರದ ಹುಲ್ಲು ಕಾವಲು, ಆಮೇಲೆ ಕೆಮ್ಮಣ್ಣುಗುಂಡಿಯ ಹಳೆ ಗಣಿ ದಾರಿ, ಹೀಗೆ ಹುಚ್ಚು ಹತ್ತುತ್ತಾ ಹೋಯಿತು. ಗಣಿ ದಾರಿಯಲ್ಲಿ ನಾನೇ ಒಂದು ಪಂದ್ಯ ಕಟ್ಟಿಕೊಂಡಿದ್ದೆ. ಕಲ್ಲು ಉರುಳಲಿ, ಕೊರಕಲು ಬರಲಿ, ಕಾಲು ನೆಲಕ್ಕೆ ಊರದೆ ಕೆಳಗಿಳಿಯಬೇಕು. ಊರಿದರೆ ಸೋತಂತೆ. ಯಾರೂ ನೋಡುವವರಿಲ್ಲ, ಗೆದ್ದರೆ ಏನೂ ಸಿಗುವುದಿಲ್ಲ. ಮೊಣಕೈ ತರಚಿಕೊಂಡು ಮನೆಗೆ ಬಂದರೆ ಹೆಂಡತಿ ಅರಿಶಿನ ಹಚ್ಚುತ್ತಾ, "ಕಾಲು ಊರಿದ್ರೆ ಗಂಟೇನು ಹೋಗ್ತಿತ್ತು? ನೆಲ ಏನು ಮೈಲಿಗೆನಾ ನಿಮ್ಗೆ?" ಅನ್ನುತ್ತಿದ್ದಳು.

ಹೋದ ವರ್ಷ ಬೇಸಿಗೆಯ ಒಂದು ಮಂಗಳವಾರ ಲೈನ್ ಕೆಲಸ ಅಂತ ಇಡೀ ದಿನ ಕರೆಂಟು ತೆಗೆದರು. ಅಂಗಡಿ ಮುಚ್ಚಿ ಅಜ್ಜಂಪುರದ ಆಚೆಯ ಗುಡ್ಡಗಳ ಕಡೆ ಹೊರಟೆ. ಗುಡ್ಡದ ಮಗ್ಗುಲಿಗೆ ಒಂದು ಹಳೆಯ ಊರಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಒಂದು ಮನೆಗೆ ತೊಂದರೆ. ಕಲ್ಲಿನ ಊರಬಾಗಿಲು, ಅದರ ಪಕ್ಕ ಸಾಲು ವೀರಗಲ್ಲು, ಒಳಗೆ ಒಂದೇ ಉದ್ದನೆ ಬೀದಿ. ಆ ಬೀದಿ ದಾಟಿದರೆ ಗುಡ್ಡದ ದಾರಿ ಸಿಗುತ್ತದೆ, ಕೊನೆಯಲ್ಲಿ ಕುಡಿಯುವ ನೀರೂ ಸಿಗುತ್ತದೆ. ಅದನ್ನೇ ನೆಚ್ಚಿಕೊಂಡು ಬಾಟಲಿ ಖಾಲಿ ಮಾಡಿದ್ದೆ. ಬಂದು ನೋಡಿದರೆ ಊರಬಾಗಿಲಿಗೆ ಅಡ್ಡಲಾಗಿ ಜಾಲಿ ಮುಳ್ಳು. ಒಳಗೆ ನರಪಿಳ್ಳೆ ಇಲ್ಲ.

ಆಗ ನೆನಪಾಯಿತು, ಹೊರಬೀಡು. ಇದು ನಮ್ಮ ಸೀಮೆಯ ಹಳೆಯ ಪದ್ಧತಿ. ಊರಿಗೆ ಊರೇ ಒಂದು ಹಗಲು ಮನೆ ಬಿಟ್ಟು ಹೊರಗೆ ಕೂರಬೇಕು. ಆ ಹೊತ್ತು ಊರು ಊರಮ್ಮನದು. ಸೂರ್ಯ ಹುಟ್ಟುವ ಮುಂಚೆ ಬೀದಿಗೆಲ್ಲ ಸಗಣಿ ನೀರು ಹಾಕಿ ಸಾರಿಸಿ, ಒಲೆ ಆರಿಸಿ, ದನ ಕರು ಕೋಳಿ ಸಮೇತ ಹೊರಡುತ್ತಾರೆ. ಸಂಜೆವರೆಗೆ ಒಳಗೆ ಬೆಂಕಿ ಇರಕೂಡದು, ಯಾರ ಕಾಲೂ ಆ ನೆಲಕ್ಕೆ ತಾಕಕೂಡದು. ತಾಕಿತೋ, ಹೊರಬೀಡು ಕೆಟ್ಟಂತೆ. ಮುಂದಿನ ವಾರ ಎಲ್ಲ ಮತ್ತೆ ಮೊದಲಿಂದ.

ಪಕ್ಕದ ಮಾವಿನ ತೋಪಿನಿಂದ ಹೊಗೆ ಏಳುತ್ತಿತ್ತು. ಊರೆಲ್ಲ ಅಲ್ಲೇ ಇತ್ತು. ಒಂದೊಂದು ಮರದ ಬುಡಕ್ಕೆ ಒಂದೊಂದು ಸಂಸಾರ, ಮೂರು ಕಲ್ಲಿನ ಒಲೆ. ನೀರು ಕೇಳೋಣ ಅಂತ ಹೋದರೆ ಒಂದು ಮರದ ಕೆಳಗೆ ಗುಂಪು ಸೇರಿತ್ತು. ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು ಎರಡೂ ಕೈ ನೆಲಕ್ಕೆ ಕೊಟ್ಟು ಉಸಿರಿಗೆ ಒದ್ದಾಡುತ್ತಿದ್ದಳು. ಉಬ್ಬಸ. ಹಸಿ ಸೌದೆಯ ಹೊಗೆ ಅದನ್ನು ಕೆರಳಿಸಿತ್ತು. ಬಾಯಿಗೆ ಒತ್ತಿಕೊಳ್ಳುವ ಉಬ್ಬಸದ ಪಂಪು ಮನೆಯಲ್ಲೇ ಉಳಿದಿತ್ತು. ಕತ್ತಲಲ್ಲಿ ಬಾಗಿಲಿಗೆ ಬೀಗ ಹಾಕುವಾಗ ಜಗಲಿಯ ದೀಪದ ಗೂಡಿನಲ್ಲಿಟ್ಟು ಮರೆತು ಬಂದಿದ್ದಳು.

"ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬಾರ್ದಾ?" ಅಂದೆ.

"ಊರಲ್ಲಿರೋದು ಒಂದೇ ಆಟೊ, ಅದೂ ಒಳಗೇ ನಿಂತೈತೆ ಕಣ್ರೀ" ಅಂದ ಒಬ್ಬ. "ಅಜ್ಜಂಪುರದಿಂದ ಗಾಡಿ ಹೇಳಿದೀವಿ, ಇನ್ನೂ ಬಂದಿಲ್ಲ. ಇವ್ಳ ಗಂಡ ಬೈಕಲ್ಲಿ ಪಂಪು ತರಕ್ಕೋಗಿದ್ದ. ಅಲ್ಲಿ ಸಿಗ್ಲಿಲ್ವಂತೆ, ಹಂಗೇ ತರೀಕೆರೆಗೆ ಹೋದ."

ಯಾರೋ ಪಂಚೆ ಎತ್ತಿ ಕಟ್ಟಿ, "ಆಗಿದ್ದಾಗ್ಲಿ, ನಾನು ಓಡೋಗಿ ತತ್ತೀನಿ" ಅಂತ ಎದ್ದ. ಆ ಹೆಂಗಸೇ ತಲೆ ಅಲ್ಲಾಡಿಸಿ ಬೇಡ ಅಂದಳು. ಪಕ್ಕದಲ್ಲಿ ಬೆನ್ನು ನೀವುತ್ತಾ ಕೂತಿದ್ದ ಅತ್ತೆಯೂ ಬೇಡ ಅಂದಳು. "ನಮ್ಮನೆಯಿಂದ ಹೊರಬೀಡು ಕೆಡ್ತು ಅನ್ನೋ ಮಾತು ಬ್ಯಾಡ."

ನನಗೆ ಮೈಯೆಲ್ಲ ಉರಿಯಿತು. "ಮಾತು ದೊಡ್ಡದೋ ಜೀವ ದೊಡ್ಡದೋ, ಅಜ್ಜಿ?"

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂದೇನಪ್ಪಾ, ಸೈಕಲ್ ಹತ್ತಿ ಹೋಯ್ತೀಯ. ನಾಳೆ ಮಳೆ ಹಿಂದಾದ್ರೂ ಇವ್ಳ ಹೆಸ್ರೇ, ದನಕ್ಕೆ ರೋಗ ಬಂದ್ರೂ ಇವ್ಳ ಹೆಸ್ರೇ. ಈ ಊರಲ್ಲಿ ಬಾಳಬೇಕಾದೋಳು ಇವ್ಳು."

ಅವಳು ಹೇಳಿದ್ದು ಸುಳ್ಳಲ್ಲ ಅಂತ ಗೊತ್ತಿತ್ತು, ಆದರೂ ಸಿಟ್ಟು ಇಳಿಯಲಿಲ್ಲ. ಊರಮ್ಮನ ಪೂಜಾರಿ ಅಷ್ಟು ಹೊತ್ತೂ ನನ್ನ ಸೈಕಲ್ಲನ್ನೇ ನೋಡುತ್ತಿದ್ದರು. ಹತ್ತಿರ ಬಂದು ಟೈರು ಅದುಮಿದರು.

"ಇದ್ಕೆ ಪೆಟ್ರೋಲ್ ಹಾಕ್ತೀರೇನ್ರೀ?"

"ಇಲ್ಲ. ಬೆಳಗ್ಗೆ ಎರಡು ಮುದ್ದೆ ಹಾಕಿದ್ರೆ ಸಂಜೆವರೆಗೂ ಓಡುತ್ತೆ."

ಅವರು ನಗಲಿಲ್ಲ. "ಹಂಗಾದ್ರೆ ಬೆಂಕಿ ಇಲ್ಲ. ಬೈಕ್ ಆಗಿದ್ರೆ ಒಳಗೆ ಬೆಂಕಿ ಹೊತ್ಕೊಂಡ್ ಹೋದಂಗೆ. ಕಾಲು ಊರ್ದೆ ಹೋಗಿ ಬರಕ್ಕಾಯ್ತದಾ?"

ಇಷ್ಟು ವರ್ಷದಲ್ಲಿ ನನ್ನ ಪಂದ್ಯದ ಬಗ್ಗೆ ಯಾರಾದರೂ ಗಂಭೀರವಾಗಿ ಕೇಳಿದ್ದು ಅದೇ ಮೊದಲು. ಆಗುತ್ತೆ ಅಂದೆ. ಗುಂಪಿನಲ್ಲಿ ಗುಸುಗುಸು ಆಯಿತು, ಆದರೆ ಪೂಜಾರಪ್ಪನ ಮಾತಿಗೆ ಎದುರಾಡುವವರಿರಲಿಲ್ಲ. ಆ ಹೆಂಗಸು ಕಣ್ಣಿನಲ್ಲೇ ಹೂಂ ಅಂದಳು. ನೀಲಿ ಬಾಗಿಲು, ಎಡಗಡೆ ಗೂಡು ಅಂತ ಅತ್ತೆ ಗುರುತು ಹೇಳಿದಳು. ಇಬ್ಬರು ಹೊರಗೇ ನಿಂತು ದೋಟಿಯಿಂದ ಮುಳ್ಳನ್ನು ಎಳೆದರು.

ಕೆಮ್ಮಣ್ಣುಗುಂಡಿಯಲ್ಲಿ ಬಿದ್ದರೆ ನನ್ನ ಮೊಣಕೈ ಮಾತ್ರ ಹೋಗುತ್ತಿತ್ತು. ಇಲ್ಲಿ ಹಾಗಲ್ಲ. ಬಾಗಿಲ ಕಲ್ಲು ಹತ್ತಿ ಇಳಿದು ಸಣ್ಣ ಗೇರಿಗೆ ಹಾಕಿಕೊಂಡೆ. ದಪ್ಪಗೆ ಸಾರಿಸಿದ ಬೀದಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಎಲ್ಲ ಮನೆಗೂ ಬೀಗ. ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಬೀದಿ ಸಣ್ಣದಾಗಿ ತಿರುಗುತ್ತದೆ. ಅದನ್ನು ದಾಟಿದರೆ ನೀಲಿ ಬಾಗಿಲು. ಜಗಲಿಯ ಕಂಬ ಹಿಡಿದು ನಿಂತೆ. ಕೈ ತಾಕಬಾರದು ಅಂತ ಯಾರೂ ಹೇಳಿರಲಿಲ್ಲ. ಗೂಡಿನಲ್ಲಿ ಪಂಪು ಇತ್ತು. ಜೇಬಿಗೆ ಹಾಕಿಕೊಂಡು, ಅದೇ ಕಂಬವನ್ನು ತಳ್ಳಿ ಸೈಕಲ್ ತಿರುಗಿಸಿದೆ.

ಆಗಲೇ ಹಿಂದಿನ ಟೈರು ಮೆತ್ತಗಾಗಿರುವುದು ಗೊತ್ತಾಯಿತು. ಊರಬಾಗಿಲ ಜಾಲಿ ಮುಳ್ಳು ತನ್ನ ಕೆಲಸ ಮಾಡಿತ್ತು. ತೊಟ್ಟಿಯ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು, ನನ್ನ ಬಲಗಾಲು ಪೆಡಲು ಬಿಟ್ಟು ನೆಲಕ್ಕೆ ತಾಕಿತು. ರೆಪ್ಪೆ ಬಡಿಯುವಷ್ಟು ಹೊತ್ತು. ಮತ್ತೆ ಪೆಡಲಿಗೆ ಬಂತು, ಸೈಕಲ್ ನಿಲ್ಲಲಿಲ್ಲ. ತೊಟ್ಟಿ ಊರಬಾಗಿಲಿಗೆ ಕಾಣುವುದಿಲ್ಲ. ಒಂದು ಬೀದಿನಾಯಿ ಮಾತ್ರ ನೋಡಿತು. ನಾಯಿಗಳಿಗೆ ಹೊರಬೀಡು ಇಲ್ಲ.

ಪಂಪು ಕೈಗೆ ಕೊಟ್ಟರೆ ಆ ಹೆಂಗಸು ಬಾಯಿಗಿಡುವ ಮೊದಲು ನನ್ನ ಮುಖ ನೋಡಿದಳು. ಮಾತಾಡಲು ಉಸಿರಿರಲಿಲ್ಲ. ಬೆರಳಿನಿಂದ ನನ್ನ ಶೂ ತೋರಿಸಿದಳು.

"ಮೊದ್ಲು ಉಸಿರಾಡು ತಾಯಿ, ವಿಚಾರಣೆ ಆಮೇಲೆ" ಅಂದೆ.

ಅತ್ತೆಯೊಬ್ಬಳನ್ನು ಬಿಟ್ಟು ಸುತ್ತಲಿದ್ದವರೆಲ್ಲ ನಕ್ಕರು. ಅವಳು ಎರಡು ಸಲ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಹೆಗಲು ಏರಿಳಿಯುವುದು ಕಡಿಮೆಯಾಯಿತು. ಅಜ್ಜಂಪುರದ ಗಾಡಿ ಬಂದಾಗ ಎದ್ದು ಕೂತು ನೀರು ಕುಡಿಯುತ್ತಿದ್ದಳು. ಆದರೂ ತೋರಿಸಿಕೊಂಡು ಬಾ ಅಂತ ಕಳಿಸಿದರು.

ಟ್ಯೂಬಿಗೆ ತೇಪೆ ಹಾಕಿದ ಮೇಲೆ ನಾನು ಹೊರಟುಬಿಡಬಹುದಿತ್ತು. ಮನಸ್ಸು ಬರಲಿಲ್ಲ. ಹೋಳಿಗೆ ಬಡಿಸಿದರು, ಒಂದನ್ನೇ ಮುರಿಯುತ್ತಾ ಕೂತೆ. ಸಾರಿಸಿದ ನೆಲದ ಮೇಲೆ ನನ್ನ ಶೂ ಗುರುತು ಅಚ್ಚು ಒತ್ತಿದ ಹಾಗೆ ಬಿದ್ದಿರುತ್ತದೆ. ನಾನು ಕಡೂರಿಗೆ ಹೋಗಿ ತಂತಿ ಸುತ್ತುತ್ತಾ ಕೂರುತ್ತೇನೆ, ಮಾತು ಕೇಳಬೇಕಾದವಳು ಅವಳು. ಪೂಜಾರಪ್ಪನಿಗೆ ಹೇಳಿಬಿಡೋಣ ಅಂತ ಎರಡು ಸಲ ಎದ್ದೆ. ಹೇಳಿದರೂ ಬರುವುದು ಅವಳ ತಲೆಗೇ. ಮತ್ತೆ ಕೂತೆ.

ಹೊತ್ತು ಇಳಿದ ಮೇಲೆ ಪೂಜಾರಪ್ಪ ಬೇವಿನ ಸೊಪ್ಪಿನಿಂದ ಅರಿಶಿನದ ನೀರು ಚಿಮುಕಿಸುತ್ತಾ ಮುಂದೆ ನಡೆದರು. ಹಿಂದೆ ತಮಟೆ, ಅದರ ಹಿಂದೆ ಊರು, ಊರಿನ ಜೊತೆ ನಾನು. ಬೀದಿಯ ನಡುವೆ ನನ್ನ ಟೈರಿನ ಗೆರೆ ಉದ್ದಕ್ಕೂ ಬಿದ್ದಿತ್ತು. ಗೆರೆಯ ಎಡಬಲಕ್ಕೆ ನೋಡುತ್ತಲೇ ಎಲ್ಲರೂ ನಿಧಾನವಾಗಿ ನಡೆಯುತ್ತಿದ್ದರು. ತಮಟೆಯವನೂ ಬಗ್ಗಿ ನೋಡುತ್ತಿದ್ದ.

ತೊಟ್ಟಿ ಹತ್ತಿರವಾಯಿತು. ಪಾತ್ರೆಗಳ ಕುಕ್ಕೆ ತಲೆ ಮೇಲೆ ಹೊತ್ತಿದ್ದ ಆ ಅತ್ತೆ ಇದ್ದಕ್ಕಿದ್ದಂತೆ ಬಿರಬಿರನೆ ನಡೆದು ಪೂಜಾರಪ್ಪನನ್ನೂ ದಾಟಿ ಹೋದಳು. ತಿರುವಿನಲ್ಲಿ ನಿಂತು ಕೆಳಗೆ ನೋಡಿದಳು. ಆಮೇಲೆ ಕುಕ್ಕೆಯನ್ನು ಧೊಪ್ಪನೆ ಅಲ್ಲೇ ಇಳಿಸಿ, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಯಾಕವ್ವಾ, ಏನಾಯ್ತು?" ಅಂದರು ಪೂಜಾರಪ್ಪ.

"ಏನಿಲ್ಲ, ಸೊಂಟ ಹಿಡ್ಕೊಂಬಿಡ್ತು. ನೀವು ನಡೀರಿ. ಇಲ್ಲಿಗಂಟ ನೋಡ್ಕೊಂಡೇ ಬಂದೆ, ಒಂದ್ ಗುರ್ತೂ ಇಲ್ಲ."

ಊರೆಲ್ಲ ಅವಳ ಪಕ್ಕದಿಂದ ದಾಟಿ ಹೋಯಿತು. ಹಿಂದೆ ಉಳಿದವನು ನಾನೊಬ್ಬನೇ. ಮುದುಕಿ ಕುಕ್ಕೆ ಎತ್ತಿ, ಕೆಳಗಿದ್ದ ಗುರುತಿನ ಮೇಲೆ ತನ್ನ ಬರಿಗಾಲನ್ನು ಎರಡು ಸಲ ಉಜ್ಜಿದಳು. ಕುಕ್ಕೆಯನ್ನು ಹೊತ್ತುಕೊಳ್ಳುತ್ತಾ ನನ್ನ ಶೂ ಕಡೆ ನೋಡಿದಳು.

"ಬಲು ದೊಡ್ಡ ಪಾದ ಕಣಪ್ಪಾ ನಿಂದು. ಕುಕ್ಕೆ ಸಾಕಾಯ್ತೋ ಇಲ್ವೋ ಅಂತ ಹೆದ್ರಿಕೊಂಬಿಟ್ಟಿದ್ದೆ."