ಬೆಂಕಿಗೆ ಹಿಡಿದ ಬ್ಯೂಗಲ್

ಬಂಡೆಪ್ಪ ಮಾಸ್ತರರ ಹೆಸರು ಕಿವಿಗೆ ಬಿದ್ದರೆ ಸಾಕು, ಕಂಡಕ್ಟರ್ ಚಂದಪ್ಪ ಮುಖ ಕಿವಿಚುತ್ತಾನೆ. ಸಿಟ್ಟಲ್ಲ ಅದು, ಹೇಸಿಗೆ. ಸಿಟ್ಟಾಗಿದ್ದರೆ ಎಂದೋ ಇಳಿದು ಹೋಗುತ್ತಿತ್ತು. ಇದು ಅನ್ನದಲ್ಲಿ ಕೂದಲು ಸಿಕ್ಕಂಥ ಸಂಕಟ. ಕೂದಲು ತೆಗೆದು ಬಿಸಾಡಿದ ಮೇಲೂ ಆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ ಅವನನ್ನು ನೋಡಿದವರಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಇಸ್ತ್ರಿ ಮಾಡಿದ ಖಾಕಿ, ನೆಟ್ಟಗಿನ ಬೆನ್ನು, ಕೊರಳಲ್ಲಿ ಬಿಳಿ ದಾರಕ್ಕೆ ಕಟ್ಟಿದ ಸೀಟಿ. ಬಸ್ಸು ಎಷ್ಟೇ ತುಂಬಿರಲಿ, ಅವನು ಯಾರಿಗೂ ತಾಗದಂತೆ ನಡುವೆ ನಡೆದು ಹೋಗುತ್ತಾನೆ, ಹೆಜ್ಜೆ ಹಾಕುವುದನ್ನು ಕಲಿತವನ ಹಾಗೆ. ಕಲಿತವನೇ. ಒಂದು ಕಾಲಕ್ಕೆ ಅವನು ಹೈಸ್ಕೂಲಿನ ಬ್ಯಾಂಡಿಗೆ ಲೀಡರ್ ಆಗಿದ್ದ.

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲೊಂದು ಊರು ಅವನದು. ಊರಿನ ಹೆಸರು ಬೇಡ. ಹೆಸರು ಹೇಳಿದರೆ ನಾಳೆ ಅಲ್ಲಿಯ ನಾಲ್ಕು ಮಂದಿ ದೊಡ್ಡವರು ಬಂದು ನಮ್ಮ ಮನೆ ಮುಂದೆ ನಿಲ್ಲುತ್ತಾರೆ, ಅವರ ಮುಖ ನೋಡುವ ಹುಕಿ ನನಗಿಲ್ಲ. ಚಂದಪ್ಪನ ಅಪ್ಪ ತಿಮ್ಮಣ್ಣ ಹಲಗೆ ಬಾರಿಸುವವನು. ಮದುವೆಯಾಗಲಿ, ಹೆಣವಾಗಲಿ, ತಿಮ್ಮಣ್ಣನ ಹಲಗೆ ಎಲ್ಲರಿಗಿಂತ ಮುಂದೆ ಹೋಗಬೇಕು. ಊಟದ ಹೊತ್ತಿಗೆ ಮಾತ್ರ ತಿಮ್ಮಣ್ಣ ಎಲ್ಲರಿಗಿಂತ ಹಿಂದೆ, ಹಿತ್ತಲ ಗೋಡೆಯಾಚೆ ಕೂರಬೇಕು. ಮೇಲಿನಿಂದ ಸುರಿದ ಅನ್ನವನ್ನು ಅಪ್ಪ ತಲೆ ತಗ್ಗಿಸಿ ಉಣ್ಣುವುದನ್ನು ಚಂದಪ್ಪ ಸಣ್ಣವನಿದ್ದಾಗಲೇ ಕಂಡಿದ್ದ. ಅಂದಿನಿಂದ ಹಲಗೆಯನ್ನು ಕೈಯಿಂದ ಮುಟ್ಟಲಿಲ್ಲ. ಆದರೆ ಹಲಗೆಯ ಪೆಟ್ಟು ಅವನ ಕಾಲಿನಲ್ಲಿ ಉಳಿದಿತ್ತು, ಅದನ್ನು ಬಿಡಿಸಿಕೊಳ್ಳುವುದು ಆಗಲಿಲ್ಲ.

ಆ ಕಾಲೇ ಅವನನ್ನು ಲೀಡರ್ ಮಾಡಿತು. ಅವನಿಗಿಂತ ಮೊದಲು ಗೌಡರ ಮನೆಯ ಹುಡುಗ ಲೀಡರ್ ಆಗಿದ್ದ. ಅವನು ಮುಂದೆ ಸರಸರನೆ ಹೋಗಿಬಿಡುತ್ತಿದ್ದ, ಡ್ರಮ್ಮಿನವರು ಹಿಂದೆ ಹೊಲದಲ್ಲಿ ಎತ್ತು ತಪ್ಪಿಸಿಕೊಂಡವರಂತೆ ಚದುರುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರು ಅದನ್ನು ನೋಡಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಡ್ರಿಲ್ ಮಾಸ್ತರ ಬಂಡೆಪ್ಪನವರ ಮರ್ಯಾದೆ ಮಣ್ಣಾಯಿತು. ಮರುವರ್ಷ, ಎಪ್ಪತ್ತೆಂಟರಲ್ಲಿ, ಹತ್ತನೆಯ ಇಯತ್ತೆಯ ಚಂದಪ್ಪನನ್ನು ಅವರು ಮುಂದೆ ಕರೆದರು.

ಲೀಡರ್ ಆದವನಿಗೆ ಅಲ್ಲಿ ಎರಡು ವಸ್ತು ಸಿಗುತ್ತಿದ್ದವು. ಒಂದು, ತುದಿಯಲ್ಲಿ ಹೊಳೆಯುವ ಗುಂಡು ಇದ್ದ ಉದ್ದನೆಯ ಕೋಲು. ಇನ್ನೊಂದು, ಮಾಸ್ತರರ ಕೊರಳಿನ ಸೀಟಿ. ತಾಲೀಮಿನ ಹೊತ್ತಿಗೆ ಅವರು ಅದನ್ನು ಬಿಚ್ಚಿ ಲೀಡರ್‌ನ ಕೊರಳಿಗೆ ಹಾಕುತ್ತಿದ್ದರು. ಚಂದಪ್ಪನಿಗೆ ಕೋಲು ಸಿಕ್ಕಿತು.

“ಸೀಟಿ, ಸರ್?” ಎಂದ ಚಂದಪ್ಪ.

“ನಿನ್ನ ಗಂಟಲು ಭಾಳ ಗಟ್ಟಿ ಐತೆಲೇ. ನಿನಗ ಸೀಟಿ ಯಾಕ ಬೇಕು? ಬಾಯಿಲೆ ಕೂಗು” ಎಂದರು ಮಾಸ್ತರರು.

ಹುಡುಗ ಅದನ್ನು ಹೊಗಳಿಕೆ ಎಂದೇ ತಿಳಿದ. ಮನೆಗೆ ಹೋಗಿ ಅವ್ವ ಮರೆವ್ವನ ಮುಂದೆ, ಮಾಸ್ತರರು ನನ್ನ ಗಂಟಲು ಮೆಚ್ಚಿದರು ಎಂದು ಹೇಳಿ ಕುಣಿದ. ಅವಳು ಏನೂ ಅನ್ನದೆ ರೊಟ್ಟಿ ಬಡಿದಳು. ಅದೇ ಮಾಸ್ತರರು ಮೈದಾನದ ಬೇವಿನ ಗಿಡದ ಬುಡದಲ್ಲಿ ಇನ್ನಿಬ್ಬರು ಮಾಸ್ತರರ ಜೊತೆ ಕೂತು ಒಂದೇ ಬೀಡಿಯನ್ನು ಮೂರು ಬಾಯಿಗೆ ದಾಟಿಸುತ್ತಿದ್ದರು. ತಂಬಾಕಿನ ಹಲ್ಲು, ಜೊಲ್ಲಿಗೆ ಒದ್ದೆಯಾದ ಬೀಡಿ. ಥೂ. ಅದು ಮಾತ್ರ ಅವರ ಲೆಕ್ಕದಲ್ಲಿ ಎಂಜಲಲ್ಲ.

ಚಂದಪ್ಪ ಬ್ಯಾಂಡನ್ನು ರಿಪೇರಿ ಮಾಡಿದ ಪರಿ ನೋಡಬೇಕಿತ್ತು. ಮೊದಲು ಡ್ರಮ್ಮುಗಳನ್ನು ಕೆಳಗಿಡಿಸಿ, ಬರೀ ಕಾಲಿನಿಂದ ನೆಲ ಬಡಿಯುವುದನ್ನು ಕಲಿಸಿದ. ಹೆಜ್ಜೆ ತಪ್ಪಿದವನನ್ನು ಬಯ್ಯದೆ ತನ್ನ ಪಕ್ಕಕ್ಕೆ ಕರೆದು ಜೊತೆಯಲ್ಲೇ ನಡೆಸಿದ. “ತೇಜ್ ಚಲ್” ಎಂದು ಅವನು ಕೂಗಿದರೆ ಗೌಡರ ಮನೆಯವನಿರಲಿ, ಸಾಹುಕಾರರ ಮನೆಯವನಿರಲಿ, ಎಡಗಾಲು ಎತ್ತಲೇಬೇಕು. ಆಗಸ್ಟ್ ಹದಿನೈದಕ್ಕೆ ಹುನಗುಂದದಲ್ಲಿ ತಾಲೂಕಿನ ಶಾಲೆಗಳೆಲ್ಲ ಸೇರುವ ಮೆರವಣಿಗೆ ಇತ್ತು. ಅಲ್ಲಿ ಕೋಲು ಹಿಡಿದು ಮುಂದೆ ನಡೆಯಬೇಕು, ಅದನ್ನು ಅಪ್ಪ ದಾರಿ ಬದಿಗೆ ನಿಂತು ನೋಡಬೇಕು, ಇಷ್ಟೇ ಅವನ ಆಸೆ. ಅಪ್ಪನೂ ಎಲ್ಲರ ಮುಂದೆ ನಡೆದವನೇ. ಆದರೆ ಅಪ್ಪನ ಮಾತಿಗೆ ಯಾರೂ ಎಂದೂ ಕಾಲು ಎತ್ತಿರಲಿಲ್ಲ.

ಅದೇ ವರ್ಷ ಶಾಲೆಗೆ ಹಿತ್ತಾಳೆಯ ಬ್ಯೂಗಲ್ ಬಂತು. ಕೊಡಿಸಿದವರು ಕಲ್ಲಿನ ಕ್ವಾರಿಯ ಸಾಹುಕಾರ ಹೊಳಬಸಪ್ಪ. ಶಾಲೆಯ ಕಮಿಟಿಗೂ ಅವರೇ ಚೇರಮನ್. ಬ್ಯೂಗಲ್ಲಿನ ಅಗಲ ಬಾಯಿಯ ಸುತ್ತ ತಮ್ಮ ಹೆಸರನ್ನು ಕೆತ್ತಿಸಿಯೇ ಕೊಟ್ಟಿದ್ದರು. ಊದಲು ಆರಿಸಿದ್ದು ಮಠದಯ್ಯನವರ ಮಗ ಸಂಗಯ್ಯನನ್ನು. ಪಾಪದ ಹುಡುಗ, ಕೆನ್ನೆ ಉಬ್ಬಿಸಿ ಉಬ್ಬಿಸಿ ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ಮೇಲಿನ ಸ್ವರ ಹತ್ತುತ್ತಿರಲಿಲ್ಲ.

ಒಂದು ಸಂಜೆ ಚಂದಪ್ಪನಿಗೆ ತಡೆಯಲಾಗಲಿಲ್ಲ. “ಕೆನ್ನಿ ಉಬ್ಬಸಬ್ಯಾಡೋ, ತುಟಿ ಬಿಗಿ ಹಿಡಿ, ಹಿಂಗ” ಎಂದವನೇ ಅವನ ಕೈಯಿಂದ ಬ್ಯೂಗಲ್ ತೆಗೆದುಕೊಂಡು ಊದಿಬಿಟ್ಟ. ಸ್ವರ ಮೈದಾನ ದಾಟಿ ಹೋಯಿತು. ಆ ಗಳಿಗೆಯಲ್ಲಿ ಅವನು ಲೀಡರ್ ಆಗಿದ್ದ, ಬೇರೇನೂ ಅವನ ನೆನಪಿನಲ್ಲಿರಲಿಲ್ಲ. ಡ್ರಮ್ಮಿನವರ ಕೈ ನಿಂತದ್ದನ್ನು ನೋಡಿದ ಮೇಲೆಯೇ ನೆನಪಾದದ್ದು. ಸಂಗಯ್ಯ ಮಾತ್ರ ಬ್ಯೂಗಲ್ ತಿರುಗಿ ಇಸಿದುಕೊಂಡು, ಒರೆಸದೆ ಬಾಯಿಗಿಟ್ಟು, ಹೇಳಿದಂತೆಯೇ ತುಟಿ ಬಿಗಿ ಹಿಡಿದು ಊದಿದ. ಮೊದಲ ಸಲ ಮೇಲಿನ ಸ್ವರ ಬಂತು. ಅವನು ಹಲ್ಲು ಬಿಟ್ಟು ನಕ್ಕ.

ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಹೇಸಿಗೆ ಎನ್ನಿಸುವುದು ಅದಕ್ಕೇ. ಎದುರಿಗೆ ನಿಂತು ಬೈದಿದ್ದರೆ ಉತ್ತರವನ್ನಾದರೂ ಕೊಡಬಹುದಿತ್ತು. ಹುಡುಗರು ಮನೆಗೆ ಹೋಗಿ ಹೇಳಿದರು, ಮನೆಯವರು ಮಾಸ್ತರರ ಕಿವಿಯಲ್ಲಿ ಊದಿದರು. ಮರುದಿನ ಬಂಡೆಪ್ಪ ಮಾಸ್ತರರು ನಗುನಗುತ್ತಲೇ, ಪಾಲಿಶ್ ಮಾಡಿಸಿಕೊಂಡು ಬರುತ್ತೇನೆ ಎಂದು ಬ್ಯೂಗಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ಒಯ್ದರು.

ಅಲ್ಲಿ ಆದದ್ದನ್ನು ಸಂಗಯ್ಯ ಓಡಿ ಬಂದು ಹೇಳಿದ. ಅವನ ಮನೆ ಮಾಸ್ತರರ ಮನೆಗೆ ಗೋಡೆಗೆ ಗೋಡೆ. ಮುಟ್ಟಬಾರದವರು ಮುಟ್ಟಿದ ತಂಬಿಗೆಯನ್ನೋ ಕೊಡವನ್ನೋ ಬೆಂಕಿಗೆ ಹಿಡಿದು, ಹುಣಸೆಹಣ್ಣಿನಿಂದ ತಿಕ್ಕಿ ಒಳಗೆ ತೆಗೆದುಕೊಳ್ಳುವುದು ಆ ಮನೆಗಳ ರೂಢಿ. ಮಾಸ್ತರರ ತಾಯಿ ಬಸಲಿಂಗವ್ವ ಬ್ಯೂಗಲ್ಲಿಗೂ ಅದನ್ನೇ ಮಾಡಿದ್ದಳು. ಸ್ನಾನದ ನೀರೊಲೆಯ ಕೆಂಡದಲ್ಲಿ ಇಟ್ಟು, ಚೆನ್ನಾಗಿ ಕಾಯಲಿ ಎಂದು ಮೇಲೆ ಎರಡು ಸಗಣಿ ಕುಳ್ಳು ಹಾಕಿದ್ದಳು. ಕೊಡ ಬೆಂಕಿ ತಡೆಯುತ್ತದೆ. ಬ್ಯೂಗಲ್ಲಿನ ಬೆಸುಗೆ ತಡೆಯಲಿಲ್ಲ. ಬೆಸುಗೆ ಕರಗಿ ಬೂದಿಯಲ್ಲಿ ಇಳಿಯಿತು, ಬಾಯಿ ಒಂದು ಕಡೆ ಕೊಳವೆ ಒಂದು ಕಡೆ ಬಿದ್ದವು. ಮುದುಕಿ ಇಕ್ಕಳದಿಂದ ಒಂದೊಂದೇ ತುಂಡನ್ನು ತೆಗೆದು, ಅಷ್ಟಕ್ಕೂ ಬಿಡದೆ, ಹುಣಸೆಹಣ್ಣು ಹಚ್ಚಿ ತಿಕ್ಕಿದಳಂತೆ.

ಸಂಜೆ ಮಾಸ್ತರರು ಚಂದಪ್ಪನನ್ನು ಬೇವಿನ ಗಿಡದ ಮರೆಗೆ ಕರೆದರು.

“ಚಂದಪ್ಪ, ನೀ ಶಾಣ್ಯಾ ಹುಡುಗ. ಚೇರಮನ್ರು ಕೇಳಿದ್ರ ನಿನ್ನ ಕೈಯಾಗಿಂದ ಜಾರಿ ಬಿತ್ತು ಅಂತ ಹೇಳಿಬಿಡು. ಒಂದೀಟು ಬೈತಾರ, ಮುಗದ್ಹೋತು. ಹುನಗುಂದಕ್ಕ ನೀನs ಲೀಡರ್.”

“ಮತ್ತ ಹೇಳಲಿಲ್ಲಂದ್ರ?”

“ಕೋಲು ಹಿಡಿಯಾಕ ಮಂದಿ ಭಾಳ ಅದಾರ” ಎಂದು ಮಾಸ್ತರರು ಪಿಚಕ್ಕನೆ ಉಗುಳಿದರು. ಉಗುಳು ಚಂದಪ್ಪನ ಕಾಲಿನ ಹತ್ತಿರವೇ ಬಿತ್ತು.

ಆ ದಿನ ಅವನು ಊಟ ಮಾಡಲಿಲ್ಲ. ಒಂದು ಸುಳ್ಳು ಹೇಳಿದರೆ ಹುನಗುಂದ ಅವನದು, ಕೋಲು ಅವನದು, ದಾರಿ ಬದಿಯಲ್ಲಿ ಅಪ್ಪ. ಹೇಳಿಬಿಡೋಣ ಎಂದುಕೊಂಡೇ ಬೆಳಿಗ್ಗೆ ಹೊರಟ. ಹೆಡ್‌ಮಾಸ್ತರರ ಕೋಣೆಯಲ್ಲಿ ಚೇರಮನ್ ಹೊಳಬಸಪ್ಪ ಕೂತಿದ್ದರು, ಮೇಲೆ ಗೋಡೆಗೆ ಬಸವಣ್ಣನವರ ಪಟ, ಪಟಕ್ಕೆ ಅಂದೇ ಹಾಕಿದ ಸೇವಂತಿಗೆ ಮಾಲೆ. ಮೇಜಿನ ಮೇಲೆ ಬ್ಯೂಗಲ್ಲಿನ ತುಂಡುಗಳು.

“ಯಾರ ಕೈಯಾಗ ಮುರೀತು?” ಎಂದರು ಚೇರಮನ್.

ಮಾಸ್ತರರು ಕಣ್ಣು ಹೊಡೆದರು. ಆ ಕಣ್ಣು ಹೊಡೆದದ್ದೇ ಕೆಟ್ಟಿತು. ಕಳ್ಳತನದಲ್ಲಿ ಪಾಲುದಾರ ಮಾಡಿಕೊಂಡಂಥ ಆ ನೋಟಕ್ಕೆ ಚಂದಪ್ಪನಿಗೆ ಹೇಸಿಗೆಯಾಯಿತು, ಕಲಿತುಕೊಂಡು ಬಂದ ಸುಳ್ಳು ಬಾಯಿಗೆ ಬರಲಿಲ್ಲ.

“ಯಾರ ಕೈಯಾಗೂ ಮುರದಿಲ್ರಿ. ನೀರೊಲ್ಯಾಗ ಮುರದೈತಿ. ಕೊಳವ್ಯಾಗ ಇನ್ನೂ ಮಸಿ ಐತಿ, ನೋಡ್ರಿ.”

ಹೊಳಬಸಪ್ಪ ಕೊಳವೆಯೊಳಗೆ ಬೆರಳು ಹಾಕಿದರು. ಬೆರಳು ಕರ್ರಗಾಯಿತು. ಅದನ್ನು ನಿಧಾನಕ್ಕೆ ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿಕೊಂಡರು. ಸುಟ್ಟದ್ದು ಯಾರು ಎಂದು ಕೇಳುತ್ತಾರೆ ಎಂದುಕೊಂಡ ಚಂದಪ್ಪ. ಅವರು ಅದನ್ನು ಕೇಳಲಿಲ್ಲ.

“ಊದಿದಾಂವ ಯಾರು?”

“ನಾನರಿ.”

“ಮತ್ತ? ನೀ ಊದದಿದ್ರ ಸುಡೋ ಪ್ರಸಂಗ ಯಾಕ ಬರ್ತಿತ್ತು?” ಎಂದರು ಅವರು. ಹೆಡ್‌ಮಾಸ್ತರರು ಹೌದಲ್ಲ ಎನ್ನುವಂತೆ ತಲೆ ಆಡಿಸಿದರು. ಮಾಸ್ತರರ ಮುಖ ಅರಳಿತು. ಎಂಥ ನ್ಯಾಯ, ಎಂಥ ನ್ಯಾಯವಂತರು. ಓದಿದವರು ಮೂರು ಮಂದಿ ಆ ಕೋಣೆಯಲ್ಲಿದ್ದರು, ಒಬ್ಬನಿಗೂ ನಾಚಿಕೆಯಾಗಲಿಲ್ಲ.

ಕೋಲನ್ನು ಸಂಗಯ್ಯನಿಗೆ ಕೊಟ್ಟರು. ಹುಡುಗ ಒಲ್ಲೆ ಎಂದ, ಅವನ ಅಪ್ಪ ಕಿವಿ ಹಿಂಡಿದ ಮೇಲೆ ಹಿಡಿದ. ಮನೆಯಲ್ಲಿ ತಿಮ್ಮಣ್ಣ ಮಗನ ಕಥೆಯನ್ನೆಲ್ಲ ಕೇಳಿ, ಅಳುವ ಬದಲು ಕೆಮ್ಮು ಬರುವವರೆಗೆ ನಕ್ಕ.

“ನಮ್ಮ ಹಲಗಿ ಬೆಂಕಿಗೆ ಹಿಡದಷ್ಟು ದನಿ ಏರ್ತೈತಿ. ಅವರದು ಹಿಡದ್ರ ಬಿಚ್ಚಿ ಬೀಳ್ತೈತಿ. ಹೋಗಲಿ ಬಿಡೋ ಮಗನ” ಎಂದ. ಆಮೇಲೆ ನಗು ನಿಲ್ಲಿಸಿ ಗೋಡೆಯ ಕಡೆ ತಿರುಗಿ ಮಲಗಿದ.

ಹುನಗುಂದಕ್ಕೆ ಚಂದಪ್ಪ ನಡೆದುಕೊಂಡೇ ಹೋದ. ಅಪ್ಪ ನಿಲ್ಲಬೇಕಾಗಿದ್ದ ಕಡೆ ತಾನು ನಿಂತ. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಅವನ ಬ್ಯಾಂಡು ಬಂತು, ಬ್ಯೂಗಲ್ ಇಲ್ಲ, ಮುಂದೆ ಸಂಗಯ್ಯ. ತಿರುವಿನಲ್ಲಿ ಒಳಗಿನ ಸಾಲು ನಿಂತ ಜಾಗದಲ್ಲೇ ಕಾಲು ಬಡಿಯಬೇಕು, ಹೊರಗಿನ ಸಾಲು ದೊಡ್ಡ ಹೆಜ್ಜೆ ಹಾಕಬೇಕು. “ಕದಂ ತಾಲ್” ಎಂದು ಕೂಗಬೇಕಾದ ಹೊತ್ತಿಗೆ ಸಂಗಯ್ಯ ಅವನನ್ನು ಗುಂಪಿನಲ್ಲಿ ಕಂಡ, ಕೂಗು ಗಂಟಲಲ್ಲೇ ಉಳಿಯಿತು. ಡ್ರಮ್ಮುಗಳು ಒಂದರ ಮೇಲೊಂದು ಬಿದ್ದವು. ಜನ ನಕ್ಕರು. ಚಂದಪ್ಪನಿಗೆ ಸಂತೋಷವಾಗಲಿಲ್ಲ. ಕಟ್ಟಿದ್ದು ಅವನು, ಕೆಟ್ಟದ್ದೂ ಅವನದೇ ಎನ್ನಿಸಿತು.

ಮುಂದೆ ಅವನು ಹತ್ತನೆಯದನ್ನು ಪಾಸಾದ, ಇಳಕಲ್ಲಿನಲ್ಲಿ ಕಲ್ಲಿನ ಪಾಲಿಶ್ ಕೆಲಸ ಮಾಡಿದ, ಎಂಬತ್ತಮೂರರಲ್ಲಿ ಸರಕಾರಿ ಬಸ್ಸಿನ ಕಂಡಕ್ಟರ್ ಆದ. ಖಾಕಿಯ ಜೊತೆ ಅವನಿಗೊಂದು ಸೀಟಿ ಕೊಟ್ಟರು. ಅದನ್ನು ಮೊದಲ ಸಲ ಬಾಯಿಗಿಟ್ಟಾಗಲೇ ಅವನಿಗೆ ಮಾಸ್ತರರ “ಗಟ್ಟಿ ಗಂಟಲು” ಮಾತಿನ ಅರ್ಥ ಆದದ್ದು. ಅವ್ವ ಅಂದು ಯಾಕೆ ಮಾತಾಡದೆ ರೊಟ್ಟಿ ಬಡಿದಳು ಎಂಬುದೂ ಆಗಲೇ ತಿಳಿಯಿತು. ಮೈಯೆಲ್ಲ ಉರಿಯಿತು. ಆದರೂ ಊದಿದ, ಬಸ್ಸು ಹೊರಟಿತು.

ಎಂಬತ್ತೇಳರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಂಡೆಪ್ಪ ಮಾಸ್ತರರು ಚಂದಪ್ಪನ ಬಾಗಲಕೋಟೆ ಬಸ್ಸು ಹತ್ತಿದರು. ತಲೆ ನೆರೆತಿತ್ತು, ಹಲ್ಲು ಹಾಗೆಯೇ ಇದ್ದವು. ಬಾಗಲಕೋಟೆಗೆ ಟಿಕೆಟ್ ತೆಗೆದುಕೊಂಡು, ಗುರುತು ಹಿಡಿದು, ಬಸ್ಸಿಗೆಲ್ಲ ಕೇಳುವಂತೆ ಹೊಗಳಲು ಹತ್ತಿದರು.

“ನಿನ್ನಂಥಾ ಲೀಡರ್ ಮತ್ತ ಸಿಗಲಿಲ್ಲ ನೋಡು ನಮ್ಮ ಸಾಲಿಗೆ. ಬರೋ ವರ್ಷ ಸಾಲಿಗೆ ಇಪ್ಪತ್ತೈದು ತುಂಬತಾವ. ದೊಡ್ಡ ಕಾರ್ಯಕ್ರಮ. ನೀ ಬಂದು ಹುಡುಗರಿಗೆ ಹೆಜ್ಜಿ ಕಲಸಬೇಕಪಾ. ಕೋಲು ಹಿಡಕೊಂಡು ನೀನs ಮುಂದ ನಡಿ.”

ಸುಳ್ಳು ಯಾಕೆ ಹೇಳಬೇಕು, ಚಂದಪ್ಪನ ಎದೆ ಕುಣಿಯಿತು. ಇಷ್ಟು ವರ್ಷದ ಹೇಸಿಗೆ ಒಂದು ಗಳಿಗೆ ಎಲ್ಲಿ ಹೋಯಿತೋ. ಬರ್ತೇನಿ ಸರ್ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಮಾಸ್ತರರು ಅವನ ಕಡೆ ಬಾಗಿ, ದನಿ ತಗ್ಗಿಸಿ, ಅದೇ ಹಳೆಯ ಕಣ್ಣು ಹೊಡೆದರು.

“ಹೊಸಾ ಬ್ಯೂಗಲ್ ತಂದೇವಿ. ಅದೊಂದು ಮುಟ್ಟಬ್ಯಾಡ, ಆತಿಲ್ಲೋ? ಸುಮ್ಮನ ಯಾಕ ರಾಡಿ.”

ಹುನಗುಂದ ದಾಟಿ, ಅಮೀನಗಡ ಇನ್ನೂ ದೂರವಿದ್ದಾಗ, ಕೋಳಿಬುಟ್ಟಿಯ ಮುದುಕಿಯೊಬ್ಬಳು ಒಂದು ಕ್ರಾಸಿನಲ್ಲಿ ಇಳಿದಳು. ಬಾಗಿಲು ಹಾಕಿಯಾಯಿತು. ಸೀಟಿ ಬರಲಿಲ್ಲ. ಡ್ರೈವರ್ ಅಬ್ದುಲಸಾಬ ಹಿಂದೆ ತಿರುಗಿ ನೋಡಿದ.

“ಚಂದಪ್ಪ, ಸೀಟಿ ಕೊಡೋ. ಬಿಸಲಾಗ ಕುದ್ದು ಹೋಗ್ತೇವಿ.”

“ಇವತ್ತ ನಮ್ಮ ಮಾಸ್ತರ್ರು ಕೊಡ್ತಾರ” ಎಂದ ಚಂದಪ್ಪ. ಕೊರಳಿನ ದಾರ ಬಿಚ್ಚಿ, ತುದಿ ಇನ್ನೂ ಒದ್ದೆಯಿದ್ದ ಸೀಟಿಯನ್ನು ಮಾಸ್ತರರ ಮುಖದ ಮುಂದೆ ಹಿಡಿದ. “ಒಮ್ಮಿ ಊದ್ರಿ, ಸರ್. ನೀವು ಊದಿದ್ರ ನಾಳಿಂದನs ಬರ್ತೇನಿ ಸಾಲಿಗೆ. ಒಂದು ಪೈ ಬ್ಯಾಡ, ರಜಾ ಹಾಕಿ ಕಲಸ್ತೇನಿ.”

ಮಾಸ್ತರರು ಸೀಟಿಯನ್ನು ನೋಡಿದರು, ಎದುರು ಕೂತವರನ್ನು ನೋಡಿದರು, ಮತ್ತೆ ಸೀಟಿಯನ್ನು ನೋಡಿದರು. ಅವರ ತುಟಿ ತಾನೇ ತಾನಾಗಿ ಒಳಕ್ಕೆ ಮಡಚಿಕೊಂಡಿತು. ಬೇಕಂತ ಮಾಡಿದ್ದಲ್ಲ. ಎಲ್ಲರಿಗೂ ಕಂಡಿತು.

“ನನಗ ಇಲ್ಲೇ ಒಂದೀಟು ಕೆಲಸ ಐತಿ” ಎಂದು ಅವರು ಚೀಲ ಎತ್ತಿಕೊಂಡು ಎದ್ದರು.

“ಟಿಕೆಟ್ ಬಾಗಲಕೋಟಿತನಕ ಐತ್ರಿ, ಸರ್.”

ಅವರು ತಿರುಗಿ ನೋಡದೆ ಇಳಿದರು. ಅಲ್ಲಿ ಕೊಯ್ದ ಜೋಳದ ಹೊಲ ಬಿಟ್ಟರೆ ಬೇರೇನೂ ಇರಲಿಲ್ಲ, ನಿಲ್ಲಲು ಒಂದು ಗಿಡದ ನೆರಳು ಸಹ. ಬಾಗಿಲು ಹಾಕಿ ಚಂದಪ್ಪ ಸೀಟಿಯನ್ನು ನೋಡಿದ. ಯಾರೂ ಮುಟ್ಟಿರಲಿಲ್ಲವಾದ್ದರಿಂದ ಒರೆಸುವ ಕೆಲಸ ಇರಲಿಲ್ಲ. ಬಾಯಿಗಿಟ್ಟು ಊದಿದ, ಬಸ್ಸು ಹೊರಟಿತು.